ಮೊಳೆಬಾಯಿಯ ಮೂರು ಸೀಟಿನ ಹಲ್ಲು

"ನನ್ನ ಬಾಯಿಗೆ ಬಂದದ್ದು ಯಾವುದೂ ನನ್ನ ಅಪ್ಪಣೆಯಿಲ್ಲದೆ ಒಳಗೂ ಹೋಗಿಲ್ಲ, ಹೊರಗೂ ಬಿದ್ದಿಲ್ಲ."

ಸೋಫಾ, ಕುರ್ಚಿಗಳಿಗೆ ಹೊಸ ಹೊದಿಕೆ ಹೊಡೆದುಕೊಡುವ ನಮ್ಮ ಮೊಳೆಬಾಯಿ ಅಂಗಡಿಗೆ ಬಂದವರಿಗೆಲ್ಲ ಈ ಮಾತು ಹೇಳುತ್ತಿದ್ದ. ಹೇಳುವ ಹೊತ್ತಿಗೆ ಬಾಯಲ್ಲಿ ನಲವತ್ತು ಮೊಳೆ ಇರುತ್ತಿದ್ದವು. ಗಮ್ಮತ್ತು ಇರುತ್ತಿದ್ದದ್ದೇ ಅಲ್ಲಿ.

ಆ ಕಸುಬಿನ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಎತ್ತಿಕೊಡಲು ಮೂರನೆಯ ಕೈ ಯಾರಿಗೂ ಹುಟ್ಟಿಲ್ಲ. ಅದಕ್ಕೆ ಹಳಬರು ಬಾಯಿಯನ್ನೇ ಮೂರನೆಯ ಕೈ ಮಾಡಿಕೊಂಡರು. ಉಗುರಿನುದ್ದದ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಸುರಿದುಕೊಂಡರೆ, ನಾಲಿಗೆ ಅವುಗಳಲ್ಲಿ ಒಂದನ್ನು ಆರಿಸಿ, ತಲೆ ಮುಂದಾಗುವಂತೆ ತಿರುಗಿಸಿ ತುಟಿಗೆ ತಂದು ನಿಲ್ಲಿಸುತ್ತದೆ. ಅಯಸ್ಕಾಂತದ ಮೂತಿಯ ಸುತ್ತಿಗೆ ಬಂದು ತುಟಿಗೆ ಮುತ್ತಿಟ್ಟು, ಮೊಳೆಯನ್ನು ಕಚ್ಚಿಕೊಂಡು ಹೋಗಿ ಮರಕ್ಕೆ ಹೊಡೆಯುತ್ತದೆ. ಟಕ್, ಟಕ್, ಟಕ್. ನಡುವೆ ಸೊಟ್ಟ ಮೊಳೆ ಬಂದರೆ ನಾಲಿಗೆಯೇ ಗುರುತು ಹಿಡಿದು ಪಕ್ಕಕ್ಕೆ ಉಗಿದುಬಿಡುತ್ತದೆ. ಅಷ್ಟು ಸಣ್ಣ ವಿಷಯಕ್ಕೆಲ್ಲ ಅದು ತಲೆಯನ್ನು ಕೇಳಿಕೊಂಡು ಕೂರುವುದಿಲ್ಲ.

ಮೊಳೆಬಾಯಿ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದನೆಂದರೆ, ಒಂದು ಮರಕುಟಿಗ ಹಕ್ಕಿ ಅಂಗಡಿಯ ಕಿಟಕಿಯಲ್ಲಿ ಕೂತು ಮೂರು ದಿನ ಅವನ ಕೆಲಸ ನೋಡಿ, ನಾಚಿಕೆಯಾಗಿ, ಆಮೇಲೆ ಹಣ್ಣು ತಿಂದುಕೊಂಡೇ ಬದುಕಿತಂತೆ. ಊರಿನಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಜನ ಅವನ ಎಂಜಲಿನ ಮೇಲೇ ಕೂತಿದ್ದಾರೆ. ಬ್ಯಾಂಕಿನ ಮ್ಯಾನೇಜರು, ಸಿನಿಮಾ ಟಾಕೀಸಿನ ಬಾಲ್ಕನಿ ಜನ, ನ್ಯಾಯ ಹೇಳುವ ದೊಡ್ಡವರು, ಎಲ್ಲರೂ.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅವನ ಮಗಳು ಕೆಲಸ ಮಾಡುತ್ತಿದ್ದಳು. ಅವಳದು ಗಾಳಿ ಒತ್ತಡದ ಪಿನ್ನಿನ ಗನ್ನು. ಅಪ್ಪ ಒಂದು ಕುರ್ಚಿ ಮುಗಿಸುವಷ್ಟರಲ್ಲಿ ಅವಳು ಮೂರು ಮುಗಿಸಿ, ಕೈ ತೊಳೆದು, ಚಹಾ ಕಾಯಿಸಿರುತ್ತಿದ್ದಳು. "ಅಪ್ಪ, ನಿನ್ನ ಹಲ್ಲು ಗಟ್ಟಿ ಇರೋವರೆಗೆ ನಾನು ಏನೂ ಹೇಳಲ್ಲ" ಎನ್ನುತ್ತಿದ್ದಳು. "ಹಲ್ಲು ಕೈ ಕೊಟ್ಟ ದಿನ ನೀನೂ ಗನ್ನು ಹಿಡೀಬೇಕು."

"ಗನ್ನು ಹಿಡಿಯೋಕೆ ನಾನೇನು ಡಕಾಯಿತನಾ?" ಎನ್ನುತ್ತಿದ್ದ ಮೊಳೆಬಾಯಿ, ಮೊಳೆಗಳ ಸಂದಿಯಿಂದ.

ಆದರೆ ಆ ಬಾಯಲ್ಲಿ ಮನೆಯವರಿಗೆ ಮಾತ್ರ ಗೊತ್ತಿದ್ದ ಒಂದು ಗುಟ್ಟಿತ್ತು. ಹನ್ನೊಂದು ವರ್ಷದ ಹಿಂದೆ, ಸ್ಪ್ರಿಂಗು ಕಟ್ಟುವ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವಾಗ, ಹುರಿಗೂ ಹಲ್ಲಿಗೂ ಪಂದ್ಯ ಬಿದ್ದು ಹುರಿ ಗೆದ್ದಿತ್ತು. ಎಡಗಡೆ ಮೇಲಿನ ಒಂದು ಹಲ್ಲು ಹೋಯಿತು. ಹಲ್ಲಿನ ಡಾಕ್ಟರಮ್ಮ ಆ ಜಾಗದ ಆಚೀಚೆಯ ಎರಡು ಹಲ್ಲುಗಳನ್ನು ಸುತ್ತಲೂ ಅರೆದು ಸಣ್ಣ ಮಾಡಿ, ಮೂರು ಹಲ್ಲಿನ ಒಂದು ಬ್ರಿಡ್ಜನ್ನು ಅವುಗಳ ಮೇಲೆ ಸಿಮೆಂಟು ಹಾಕಿ ಕೂರಿಸಿದ್ದಳು. ಮೊಳೆಬಾಯಿ ಅದನ್ನು ತಕ್ಷಣ ಅರ್ಥ ಮಾಡಿಕೊಂಡ. "ಮೂರು ಸೀಟಿನ ಸೋಫಾ ಅನ್ನಿ. ಎರಡು ತುದಿಗೂ ಕಾಲಿದೆ, ನಡುವಿನದಕ್ಕಿಲ್ಲ."

ಡಾಕ್ಟರಮ್ಮ ಅಂದು ಒಂದು ಮಾತನ್ನು ಬಿಡಿಸಿ ಹೇಳಿದ್ದಳು. "ಇದು ಯಾವತ್ತಾದ್ರೂ ಸಡಿಲ ಅನ್ನಿಸಿದ್ರೆ ಸುಮ್ಮನಿರಬೇಡಿ, ತಕ್ಷಣ ಬನ್ನಿ. ಬಿಟ್ರೆ ಸಂದಿಲಿ ಕೊಳೆ ಸೇರಿ ಒಳಗಿನ ಎರಡು ಹಲ್ಲೂ ಹುಳುಕಾಗುತ್ತೆ. ಆಮೇಲೆ ಅವನ್ನೂ ಕಿತ್ತು, ಅಂಗುಳಕ್ಕೆ ಪ್ಲಾಸ್ಟಿಕ್ ತಟ್ಟೆ ಇರೋ, ತೆಗೆದು ಹಾಕೋ ಸೆಟ್ಟು ಕೊಡಬೇಕಾಗುತ್ತೆ."

ಮೊಳೆಬಾಯಿಯ ಕಿವಿ ಈ ಮಾತಿನ ಕೊನೆಯ ತುಂಡನ್ನು ಮಾತ್ರ ಹಿಡಿದುಕೊಂಡಿತು. ಅಂಗುಳಕ್ಕೆ ಪ್ಲಾಸ್ಟಿಕ್ ಬಂದರೆ ನಾಲಿಗೆಗೆ ಮೊಳೆಯ ಗುರುತು ಸಿಗುವುದಿಲ್ಲ. ತಲೆ ಯಾವುದು, ಮೊನೆ ಯಾವುದು ತಿಳಿಯುವುದಿಲ್ಲ. ಆ ಎರಡು ಅರೆದ ಹಲ್ಲು ಹೋದ ದಿನ ಅವನ ಕಸುಬೂ ಹೋದ ಹಾಗೆ.

ಹೀಗಿರುವಾಗ ಒಂದು ಬೆಳಿಗ್ಗೆ, ಬ್ರೆಡ್ಡಿನ ಅಂಚು ಕಚ್ಚಿದಾಗ, ಎಡಗಡೆ ಮೇಲೆ 'ಕಿಟಕ್' ಎಂದಿತು.

ಸದ್ದು ಸಾಸಿವೆಯಷ್ಟು. ಮೊಳೆಬಾಯಿಗೆ ಊರ ಸೇತುವೆಯೇ ಕುಸಿದಂತೆ ಕೇಳಿತು. ನಾಲಿಗೆ ಓಡಿಹೋಗಿ ಒತ್ತಿ ನೋಡಿತು: ಮೂರು ಸೀಟೂ ಒಟ್ಟಿಗೆ ಅಲ್ಲಾಡುತ್ತಿದ್ದವು. ಅಡಿಯಿಂದ ಒಂದು ಥರ ಕೆಟ್ಟ ರುಚಿಯೂ ಬಂತು. ಎದುರಿಗೆ ಹೆಂಡತಿ ಕೂತಿದ್ದಳು. ಅವನು ಕೆಮ್ಮಿ, ಚಹಾ ಕುಡಿದು, ಹವೆಯ ಬಗ್ಗೆ ಎರಡು ಮಾತಾಡಿ ಎದ್ದುಹೋದ.

ಅವನಿಗೆ ಗೊತ್ತಿದ್ದದ್ದು ಕುರ್ಚಿಯ ವೈದ್ಯ. ಅಂಗಡಿಗೆ ಬರುವ ಹಳೆಯ ಕುರ್ಚಿಗಳಲ್ಲಿ ಹತ್ತಕ್ಕೆ ಎಂಟರ ಕಾಲು ತೂತಿನಲ್ಲಿ ಸಡಿಲವಾಗಿರುತ್ತದೆ. ಅದಕ್ಕೆ ಮದ್ದು ಒಂದೇ: ಕಾಲಿನ ತುದಿಗೆ ತೆಳ್ಳನೆಯ ಬಟ್ಟೆ ಸುತ್ತಿ ತೂತಿಗೆ ಬಡಿದು ಕೂರಿಸುವುದು. ಆಮೇಲೆ ಆನೆ ಕೂತರೂ ಕಾಲು ಅಲುಗುವುದಿಲ್ಲ.

ಮಗಳು ರೆಕ್ಸಿನ್ ತರಲು ಹೋದ ಸಮಯ ನೋಡಿ ಮೊಳೆಬಾಯಿ ಕನ್ನಡಿಯ ಮುಂದೆ ನಿಂತ. ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಜಗ್ಗಿದ. ಬ್ರಿಡ್ಜು ಜಗಳವಿಲ್ಲದೆ ಕೈಗೆ ಬಂತು. ಲೈನಿಂಗ್ ಬಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಎರಡು ತುಂಡು ಕತ್ತರಿಸಿ, ಬ್ರಿಡ್ಜಿನ ತುದಿಯ ಎರಡು ಗುಳಿಗೂ ಒಂದೊಂದು ಇಟ್ಟು, ವಾಪಸು ಕೂರಿಸಿ, ಮೇಲೆ ಟವಲು ಹಿಡಿದು ಸುತ್ತಿಗೆಯ ಮರದ ಹಿಡಿಯಿಂದ ಮೂರು ಸಲ ಮೆಲ್ಲಗೆ ತಟ್ಟಿದ.

ಕೂತಿತು. ಸ್ವಲ್ಪ ಎತ್ತರಕ್ಕೆ ಕೂತಿತು, ಅಷ್ಟೆ. ಬಾಯಿ ಮುಚ್ಚಿದರೆ ಆ ಮೂರು ಹಲ್ಲು ಮಾತ್ರ ಕೆಳಗಿನವಕ್ಕೆ ತಾಗುತ್ತಿದ್ದವು. ಉಳಿದವು ಎದುರುಬದುರು ನಿಂತು, ಮಾತು ಬಿಟ್ಟ ದಾಯಾದಿಗಳ ಹಾಗೆ ಮುಖ ನೋಡಿಕೊಳ್ಳುತ್ತಿದ್ದವು. ಮರುದಿನ ದವಡೆ ನೋಯತೊಡಗಿತು. ಅದರ ಮರುದಿನ ಕಿವಿ ಕೂಡ. ತಿನ್ನುವುದೇ ಒಂದು ಸಾಹಸವಾಯಿತು. ಮೆತ್ತಗಿನದನ್ನೇ ಹುಡುಕಿ, ಬಲಗಡೆಗೆ ತಳ್ಳಿ, ಮಾತಿಲ್ಲದೆ ನುಂಗುತ್ತಿದ್ದ.

"ಏನ್ರೀ," ಎಂದಳು ಹೆಂಡತಿ, "ಎರಡು ದಿನದಿಂದ ನನ್ನ ಅಡುಗೆಲಿ ಒಂದು ಕೊಂಕೂ ತೆಗೆದಿಲ್ಲ ನೀವು. ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೆ ಅಂತ ಸುಮ್ಮನಿದ್ದೀನಿ ಕಣೇ."

"ಮೂವತ್ತೈದು ವರ್ಷದಲ್ಲಿ ಇಲ್ಲದ್ದು," ಎಂದು ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಏನೋ ತಪ್ಪು ಮಾಡಿದ್ದೀರಿ."

ಮೂರನೆಯ ದಿನ ಅಂಗಡಿಯಲ್ಲಿ ಹೆಡ್ಮೇಡಂ ಕುರ್ಚಿ ಕೆಲಸಕ್ಕೆ ನಿಂತಿತ್ತು. ಹೆಡ್ಮೇಡಂ ಎಂದರೆ ಶಾಲೆಯಿಂದ ನಿವೃತ್ತಿಯಾಗಿ ಹತ್ತು ವರ್ಷವಾದರೂ ಎದುರಿಗೆ ಬಂದವರು ಕೈ ಕಟ್ಟಿ ನಿಲ್ಲುವಂತಹ ಹೆಂಗಸು. ಮೊಳೆಬಾಯಿಯ ಮಗಳಿಗೆ ಮಗ್ಗಿ ಕಲಿಸಿದವರು. ಆ ಎತ್ತರ ಬೆನ್ನಿನ ಕುರ್ಚಿ ಅವರೊಂದಿಗೇ ಶಾಲೆಯಿಂದ ನಿವೃತ್ತಿಯಾಗಿ ಮನೆಗೆ ಬಂದಿತ್ತು. ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರು. ಅವರ ಮಧ್ಯಾಹ್ನ ಎಂದರೆ ಎರಡು ಗಂಟೆ, ಎರಡು ಗಂಟೆ ಒಂದು ನಿಮಿಷವಲ್ಲ.

ಮೊಳೆಬಾಯಿ ನಲವತ್ತು ಮೊಳೆ ಬಾಯಿಗೆ ಹಾಕಿಕೊಂಡ. ಮುಂದಿನ ಅಂಚು ಹೊಡೆದ. ಫೋಮಿನ ಮೇಲೆ ಹತ್ತಿ ಹರಡಿ, ಬಗ್ಗಿ, ಎಡಗೈಯಲ್ಲಿ ಸವರಿ ಸಮ ಮಾಡುತ್ತಲೇ ನಾಲಿಗೆಯಲ್ಲಿ ಮುಂದಿನ ಮೊಳೆ ಆರಿಸತೊಡಗಿದ. ನಡುವೆ ಒಂದು ಅಡ್ಡಾದಿಡ್ಡಿ ಮೊಳೆ ಬಂತು. ನಾಲಿಗೆ ಅದನ್ನು ತಿರುಗಿಸಿ ನೋಡಿತು, ತಲೆಯೂ ಇಲ್ಲ, ಮೊನೆಯೂ ಇಲ್ಲ. ಎಂದಿನಂತೆ ಉಗಿಯಿತು. 'ಈಗಿನ ಮೊಳೆಗಳು ಎಷ್ಟು ದಪ್ಪ, ಎಂಥ ದರಿದ್ರ ಮಾಲು' ಎಂದು ಮನಸ್ಸಿನಲ್ಲೇ ಬೈದುಕೊಂಡು, ಬಟ್ಟೆ ಎಳೆದು, ಉಳಿದ ಮೂರು ಅಂಚೂ ಹೊಡೆದು ಮುಗಿಸಿದ. ಕುರ್ಚಿ ಮದುಮಗಳ ಹಾಗೆ ಹೊಳೆಯಿತು. ಮೊಳೆಬಾಯಿ ಒಂದು ಹೆಜ್ಜೆ ಹಿಂದೆ ಸರಿದು, ಖಾಲಿ ಬಾಯಿ ಮುಚ್ಚಿದ.

ಬಾಯಿ ಸಲೀಸಾಗಿ ಮುಚ್ಚಿತು.

ಎರಡು ದಿನದಿಂದ ಹೀಗೆ ಮುಚ್ಚಿರಲಿಲ್ಲ. ಒಂದು ಕ್ಷಣ ಹಾಯೆನಿಸಿತು. ಆಮೇಲೆ ನಾಲಿಗೆ ಎಡಗಡೆಗೆ ಹೋಯಿತು. ಅಲ್ಲಿ ಸೋಫಾ ಇರಲಿಲ್ಲ. ಎರಡು ಮೋಟು ಕಾಲು ಮಾತ್ರ ನಿಂತಿದ್ದವು.

ಮೊಳೆಬಾಯಿ ನೆಲ ನೋಡಿದ. ಬೆಂಚಿನಡಿ ನೋಡಿದ. ಸೊಟ್ಟ ಮೊಳೆಯ ಡಬ್ಬಿಯನ್ನು ಬೋರಲು ಹಾಕಿದ. ಕೊನೆಗೆ ಅಂಗೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟುಕೊಂಡು ನಿಂತ. ಮಗಳ ಗನ್ನು ನಿಂತಿತು.

"ಅಪ್ಪ, ಮೊಳೆ ನುಂಗಿದ್ಯಾ?"

"ಮೊಳೆ ಅಲ್ಲ."

"ಮತ್ತೇನು?"

"ಸೋಫಾ."

ಇಂಥ ಉತ್ತರಕ್ಕೆ ಬೇರೆ ಯಾವ ಮಗಳಾದರೂ ಅಪ್ಪನಿಗೆ ತಲೆ ಕೆಟ್ಟಿತೆಂದು ತಿಳಿಯುತ್ತಿದ್ದಳು. ಇವಳು ಅಪ್ಪನ ಗದ್ದ ಹಿಡಿದು, ಬಾಯಿ ತೆರೆಸಿ, ಬೆಳಕಿಗೆ ತಿರುಗಿಸಿ ನೋಡಿದಳು. "ಯಾವಾಗಿಂದ ಸಡಿಲ ಇತ್ತು?" ಎಂದಳು. ಮೊಳೆಬಾಯಿ ಬಟ್ಟೆಯ ತುಂಡಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಫೋನು ತೆಗೆದು ಡಾಕ್ಟರಮ್ಮನಿಗೆ ಮಾಡಿ, ಅವನಿಗೂ ಕೇಳುವ ಹಾಗೆ ಇಟ್ಟಳು.

"ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಕೆಮ್ಮು ಬರ್ತಿದೆಯಾ?" ಎಂದಿತು ಫೋನು.

"ಇಲ್ಲ."

"ಗಂಟಲಲ್ಲಿ ಏನಾದ್ರೂ ಸಿಕ್ಕಿಹಾಕ್ಕೊಂಡ ಹಾಗೆ?"

"ಅಳು ಸಿಕ್ಕಿಹಾಕ್ಕೊಂಡಿದೆ," ಎಂದ ಮೊಳೆಬಾಯಿ.

"ಅದು ನಂಗೆ ಬರೋ ಕೇಸಲ್ಲ. ಸರಿ, ಅರ್ಧ ಗಂಟೆ ಹುಡುಕಿ. ಕೆಮ್ಮು ಗಿಮ್ಮು ಶುರುವಾದ್ರೆ ಹುಡುಕೋದು ಬಿಟ್ಟು ಸೀದಾ ದೊಡ್ಡಾಸ್ಪತ್ರೆಗೆ ಓಡಿ. ಸಿಕ್ರೆ ನೀರಲ್ಲಿ ತೊಳೆದು ಒಂದು ಡಬ್ಬಿಲಿ ಹಾಕಿ ತನ್ನಿ. ಸಿಗದೇ ಇದ್ರೂ ಬನ್ನಿ, ಎಕ್ಸ್‌ರೇ ತೆಗೆದು ಎಲ್ಲಿದೆ ನೋಡಲೇಬೇಕು. ಹೊಟ್ಟೆಗೆ ಹೋಗಿದ್ರೆ ದಾರಿ ನೋಡ್ಕೊಂಡು ಹೊರಗೆ ಬರುತ್ತೆ, ಎದೆಗೆ ಹೋಗಿದ್ರೆ ಬಿಡೋ ಹಾಗಿಲ್ಲ. ಮತ್ತೆ ಒಂದು ಮಾತು. ಸಿಕ್ತು ಅಂತ ಅಂಗಡಿ ಗೋಂದಲ್ಲಿ ಅಂಟಿಸ್ಕೊಂಡು ಬರಬೇಡಿ."

"ಒಳಗಿನ ಎರಡು ಹಲ್ಲು ಉಳಿಯುತ್ತಾ ಡಾಕ್ಟ್ರಮ್ಮ?" ಎಂದು ಮೊಳೆಬಾಯಿ ಕೇಳಿದ. ಅವನಿಗೆ ಬೇಕಾದದ್ದು ಅದೊಂದೇ.

"ಫೋನಲ್ಲಿ ಹೇಗೆ ಹೇಳ್ಲಿ? ನೋಡಬೇಕು."

ಅಪ್ಪ, ಮಗಳು ಅಂಗಡಿಯನ್ನು ಜರಡಿ ಹಿಡಿದರು. ಕಳೆದ ವರ್ಷ ಕಾಣೆಯಾದ ಕತ್ತರಿ ಸಿಕ್ಕಿತು. ಬೀಗದ ಕೈ ಸಿಕ್ಕಿತು. ಮೊಳೆಬಾಯಿ ಸಿಗರೇಟು ಬಿಟ್ಟೆನೆಂದು ಆಣೆ ಮಾಡಿದ ಮೇಲೆ ಬಚ್ಚಿಟ್ಟ ಪ್ಯಾಕೆಟ್ಟು ಸಿಕ್ಕಿತು. ಮಗಳು ಅದನ್ನು ನೋಡಿ, ಈಗಲ್ಲ ಎಂಬಂತೆ ಪಕ್ಕಕ್ಕಿಟ್ಟಳು. ಹಲ್ಲು ಮಾತ್ರ ಇಲ್ಲ. ಮೊಳೆಬಾಯಿ ಸ್ಟೂಲಿನ ಮೇಲೆ ಕುಸಿದು ಕೂತ. ಒಳಗೂ ಹೋಗಿಲ್ಲ, ಹೊರಗೂ ಬಿದ್ದಿಲ್ಲ ಎಂದು ಜಂಬ ಕೊಚ್ಚಿದ ಬಾಯಿಗೆ, ಒಳಗೋ ಹೊರಗೋ ಎಂಬುದೇ ಗೊತ್ತಿರಲಿಲ್ಲ.

ಸರಿಯಾಗಿ ಎರಡು ಗಂಟೆಗೆ ಹೆಡ್ಮೇಡಂ ಬಂದರು. ಅಪ್ಪ, ಮಗಳ ಮುಖ ನೋಡಿದರು, ಕುರ್ಚಿ ನೋಡಿದರು. "ಕೆಲಸ ಚೆನ್ನಾಗಿದೆ" ಎಂದರು. ತಿರುಗಿ, ಕೊಡೆಯನ್ನು ಮುಂದಕ್ಕೆ ಊರಿ, ಶಾಲೆಯ ಅಸೆಂಬ್ಲಿ ಮುಂದೆ ಕೂರುವ ಠೀವಿಯಲ್ಲಿ ಕೂತರು.

ಕೂತವರು ಕೂತ ವೇಗದಲ್ಲೇ ಎದ್ದರು.

"ಏನಪ್ಪಾ ಇದು? ನಿನ್ನ ಕುರ್ಚಿ ಕಚ್ಚುತ್ತೆ."

ಮೊಳೆಬಾಯಿ ಸ್ಟೂಲಿನಿಂದ ಒಂದು ಅಡಿ ಮೇಲಕ್ಕೆ ಹಾರಿದ. ಹುಟ್ಟಿದ ಮೇಲೆ ಗಿರಾಕಿಯ ದೂರು ಕೇಳಿ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ. "ಎಲ್ಲಿ ಕಚ್ಚಿತು ಮೇಡಂ, ಎಡಕ್ಕಾ ಬಲಕ್ಕಾ?"

"ಅದನ್ನ ನಿನಗೆ ಹೇಳಬೇಕಾ ನಾನು?"

"ಮೇಡಂ, ಕುರ್ಚಿಯ ಎಡ ಬಲ ಕೇಳ್ತಿದ್ದಾರೆ ಅಪ್ಪ," ಎಂದು ಮಗಳು ನಡುವೆ ಬಂದು, ಆಗಲೇ ಮೊಳೆ ಕೀಳುವ ಇಕ್ಕಳ ಹಿಡಿದು ಮಂಡಿಯೂರಿದ್ದಳು. ಹೆಡ್ಮೇಡಂ ಕೊಡೆಯ ತುದಿಯಿಂದ ಒಂದು ಜಾಗ ತೋರಿಸಿದರು. ಅಪ್ಪ ಹೊಡೆದ ಮೊಳೆಗಳನ್ನು ಮಗಳು ಒಂದೊಂದಾಗಿ ಕಿತ್ತಳು. "ಏನು ಹೊಡೆದಿದ್ದೀಯ ಅಪ್ಪ, ಬರೋದೇ ಇಲ್ಲ ಅನ್ನುತ್ತೆ" ಎಂದಳು. ಮೊಳೆಬಾಯಿಗೆ ಆ ಸಂಕಟದಲ್ಲೂ ಸ್ವಲ್ಪ ಎದೆಯುಬ್ಬಿತು. ಬಟ್ಟೆ ಮಡಚಿ ಹತ್ತಿ ಸರಿಸಿದರೆ, ಆಭರಣದ ಅಂಗಡಿಯ ಡಬ್ಬಿಯಲ್ಲಿ ಇಟ್ಟ ಹಾಗೆ, ಮೂರು ಹಲ್ಲು ಹತ್ತಿಯ ಮೇಲೆ ಮಲಗಿ ನಗುತ್ತಿದ್ದವು.

ಹೆಡ್ಮೇಡಂ ಕನ್ನಡಕ ಏರಿಸಿ ನೋಡಿದರು. "ಮೂವತ್ತೆಂಟು ವರ್ಷ ಪಾಠ ಹೇಳಿದ್ದೀನಿ. ನನ್ನ ಕುರ್ಚಿ ಮೇಲೆ ಮುಳ್ಳು ಇಟ್ಟಿದ್ದಾರೆ, ಶಾಯಿ ಚೆಲ್ಲಿದ್ದಾರೆ, ಒಬ್ಬ ಕಪ್ಪೆ ಕೂಡ ಬಿಟ್ಟಿದ್ದ. ಸ್ವಂತ ಹಲ್ಲು ಇಟ್ಟವನು ನೀನೇ ಮೊದಲು."

"ತಪ್ಪಾಯ್ತು ಮೇಡಂ," ಎಂದು ಮೊಳೆಬಾಯಿ ಕೈ ಕಟ್ಟಿದ.

"ತಪ್ಪು ಕುರ್ಚಿಯಲ್ಲಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗು. ಕುರ್ಚಿ ನಾಳೆ ಕೊಡು," ಎಂದು ಅವರು ಕೊಡೆ ಬಿಚ್ಚಿಕೊಂಡು ಹೊರಟರು.

ಮಗಳು ಹಲ್ಲನ್ನು ತೊಳೆದು ಬಟನ್ನಿನ ಡಬ್ಬಿಯಲ್ಲಿ ಹಾಕಿದಳು. ಇಬ್ಬರೂ ಎರಡು ಬೀದಿ ದಾಟಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗಿ, ಹೊರಗಿನ ಕೋಣೆಯಲ್ಲಿ ಹತ್ತು ನಿಮಿಷ ಕೂತರು. ಮೊಳೆಬಾಯಿಗೆ ಅದು ಹತ್ತು ವರ್ಷವಾಯಿತು. ಸಿಕ್ಕಿದ್ದು ಸೋಫಾ ಮಾತ್ರ. ಅದು ಕೂರಬೇಕಾದ ಕಾಲುಗಳ ಗತಿ ಏನು?

ಒಳಗೆ ದೀಪದ ಕೆಳಗೆ ಮಲಗಿದ. ಡಾಕ್ಟರಮ್ಮ ಬ್ರಿಡ್ಜಿನ ಗುಳಿಯೊಳಗೆ ಚಿಮಟಿ ಹಾಕಿ ಒಂದು ತುಂಡನ್ನು ಎಳೆದಳು.

"ಇದೇನಿದು?"

"ಲೈನಿಂಗ್ ಬಟ್ಟೆ. ಒಳ್ಳೇ ಮಾಲು, ಬಣ್ಣ ಬಿಡಲ್ಲ."

ಡಾಕ್ಟರಮ್ಮ ಮಗಳ ಕಡೆ ನೋಡಿದಳು. ಮಗಳು ಸೂರು ನೋಡಿದಳು. ಎಕ್ಸ್‌ರೇ ತೆಗೆದಾಯಿತು. ಕೊಕ್ಕೆಯಂಥ ಕಡ್ಡಿಯಿಂದ ಎರಡು ಮೋಟು ಹಲ್ಲುಗಳನ್ನೂ ಕೆರೆದು, ಕುಟ್ಟಿ, ಗಾಳಿ ಊದಿ ನೋಡಿದ್ದಾಯಿತು. ಮೊಳೆಬಾಯಿ ಕುರ್ಚಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ, ಇನ್ನೆರಡು ನಿಮಿಷವಾಗಿದ್ದರೆ ಅದರ ಹೊದಿಕೆ ಬಿಚ್ಚಿ ಕೈಗೆ ಬರುತ್ತಿತ್ತು. ಮಗಳು ಬಂದು ಅವನ ಪಾದದ ಮೇಲೆ ಕೈಯಿಟ್ಟು ನಿಂತಳು.

"ಹಿಂದಿನ ಹಲ್ಲಿನ ಅಂಚಲ್ಲಿ ಸ್ವಲ್ಪ ಹುಳುಕು ಶುರುವಾಗಿದೆ," ಎಂದಳು ಡಾಕ್ಟರಮ್ಮ. "ಕ್ಲೀನ್ ಮಾಡಿ ತುಂಬಿಸ್ತೀನಿ. ಬೇರು ಎರಡೂ ಗಟ್ಟಿ ಇವೆ. ಬ್ರಿಡ್ಜೂ ಮುರಿದಿಲ್ಲ. ಹಳೇ ಸಿಮೆಂಟು ತೊಳೆದು ಹೋಗಿದೆ, ಅಷ್ಟೆ. ಇದನ್ನೇ ಮತ್ತೆ ಕೂರಿಸ್ತೀನಿ."

"ಕೀಳೋದು?"

"ಏನೂ ಕೀಳಲ್ಲ. ಇನ್ನೊಂದೆರಡು ತಿಂಗಳು ಬಟ್ಟೆ ತುರುಕ್ಕೊಂಡು ಓಡಾಡಿದ್ರೆ ಕೀಳ್ತಿದ್ದೆ."

ಮೊಳೆಬಾಯಿ ಮೂರು ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟ. ಕಿಟಕಿಯ ಪರದೆ ಹಾರಿತು, ಗೋಡೆಯ ಕ್ಯಾಲೆಂಡರಿನ ಎರಡು ತಿಂಗಳು ಮಗುಚಿದವು ಎಂದು ಮಗಳು ಈಗಲೂ ಹೇಳುತ್ತಾಳೆ. ಅವನ ಕಣ್ಣಂಚಿನಿಂದ ಒಂದು ಹನಿ ಜಾರಿ ಕಿವಿಗೆ ಹೋದದ್ದನ್ನು ಮಾತ್ರ ಅವಳು ಯಾರಿಗೂ ಹೇಳಿಲ್ಲ.

ಮುಕ್ಕಾಲು ಗಂಟೆಯಲ್ಲಿ ಸೋಫಾ ಮತ್ತೆ ತನ್ನ ಕಾಲುಗಳ ಮೇಲೆ ಕೂತಿತು. ಬಣ್ಣದ ಕಾಗದ ಕಚ್ಚಿಸಿ, ಎತ್ತರ ಸರಿಯಿದೆಯೇ ಎಂದು ನೋಡಿದ ಮೇಲೆ ಡಾಕ್ಟರಮ್ಮ ಕೈಗವಸು ತೆಗೆದಳು. "ನಾಳೆವರೆಗೂ ಆ ಕಡೆ ಏನೂ ಅಗಿಯಬೇಡಿ. ಅಂಟುವಂಥದ್ದು, ಗಟ್ಟಿಯಾದ್ದು ಒಂದು ವಾರ ಬೇಡ. ದಿನಾ ಅಡಿಲಿ ದಾರ ತೂರಿಸಿ ಕ್ಲೀನ್ ಮಾಡಬೇಕು, ತೋರಿಸ್ತೀನಿ. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಮತ್ತೆ ಆ ಬಾಯಿಗೆ ಇನ್ಮೇಲೆ ಮೊಳೆ ಹಾಕೋ ಹಾಗಿಲ್ಲ."

ಮೊಳೆಬಾಯಿಯ ಮುಖ ಗಾಳಿ ಹೋದ ಕುಶನ್ನಿನ ಹಾಗಾಯಿತು. ಆಗ ಮಾತಾಡಿದವಳು, ಯಾರೂ ಎಣಿಸದ ಹಾಗೆ, ಮಗಳು.

"ಡಾಕ್ಟ್ರೇ, ಒಂದು ವಾರ ಗನ್ನು ಹಿಡೀತಾರೆ. ಅದಕ್ಕೆ ನಾನು ಜವಾಬ್ದಾರಿ. ಆಮೇಲೆ ಬಲಗಡೆಗೆ ಮಾತ್ರ, ಒಂದು ಸಲಕ್ಕೆ ಹತ್ತು. ನಲವತ್ತು ಇಲ್ಲ."

"ಇಪ್ಪತ್ತು," ಎಂದ ಮೊಳೆಬಾಯಿ.

"ಹತ್ತು. ನಾನೇ ಎಣಿಸಿ ಕೊಡೋದು. ಇವತ್ತು ಅಷ್ಟು ಮೊಳೆ ಕಿತ್ತೆ ಡಾಕ್ಟ್ರೇ, ಒಂದೂ ಅಲ್ಲಾಡ್ತಿರಲಿಲ್ಲ. ನನ್ನ ಪಿನ್ನು ಹಾಗೆ ಕೂರಲ್ಲ."

"ನಾನು ಬೇಡ ಅಂದೆ. ನೀವು ಹೇಳಿದ್ದು ನಂಗೆ ಕೇಳಿಸಿಲ್ಲ," ಎಂದು ಡಾಕ್ಟರಮ್ಮ ಕೈ ತೊಳೆಯಲು ತಿರುಗಿದಳು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅದಿರಲಿ ಯಜಮಾನ್ರೇ, ಅಷ್ಟು ಬಿಡಿಸಿ ಹೇಳಿದ್ದೆ ನಿಮಗೆ. ಅಲ್ಲಾಡಿದ ದಿನಾನೇ ನನ್ನ ಹತ್ರ ಬರೋದು ಬಿಟ್ಟು ಸಂದಿಗೆ ಬಟ್ಟೆ ತುರುಕಿದ್ರಲ್ಲ, ತಿಳಿದೋರು ಮಾಡೋ ಕೆಲಸವಾ ಇದು?"

ಮೊಳೆಬಾಯಿ ಚಪ್ಪಲಿ ಮೆಟ್ಟಿ, ಹೊಸದಾಗಿ ಬಿಗಿಯಾದ ಬಾಯಿಯನ್ನು ಒಂದು ಸಲ ಮುಚ್ಚಿ ತೆರೆದ.

"ಹೊರಗೆ ಪೇಷೆಂಟುಗಳು ಕೂರೋ ಸೋಫಾದ ಎಡಗಾಲು ಅಲ್ಲಾಡುತ್ತೆ, ಅಡಿಗೆ ನಾಲ್ಕು ಮಡಿಕೆ ರಟ್ಟು ತುರುಕಿದೆ. ನನ್ನ ಅಂಗಡಿ ಮುಂದೇನೇ ದಿನಾ ಓಡಾಡ್ತೀರಿ. ತಿಳಿದೋರು ಹೀಗೇ ಮಾಡ್ತಾರೆ ಅಂತ ನಾನೂ ಮಾಡಿದೆ ಡಾಕ್ಟ್ರಮ್ಮ."